ಪತ್ತನಾಜೆಗೆ ಮೊದಲು ಬೀಜದ ಬಗ್ಗೆ ಒಂದು ವಿನಂತಿ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿದು ಎರಡು ವಾರ ಕಳೆಯುವಷ್ಟರಲ್ಲಿ ತರಕಾರಿ ದರ ಏರಿದ ಸುದ್ದಿ ತಮ್ಮ ಪತ್ರಿಕೆಯಲ್ಲಿ ಪ್ರತಿವರ್ಷ ಬರುತ್ತದೆ. 2018ರ ಆಗಸ್ಟ್‌ನಲ್ಲಿಯೂ 2024ರ ಜುಲೈಯಲ್ಲಿಯೂ ಶಿರಾಡಿ ಘಾಟಿಯ ದಾರಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತಾಗ, ದಕ್ಷಿಣ ಕನ್ನಡದ ನಾವೆಲ್ಲ ಘಟ್ಟದ ಮೇಲಿನಿಂದ ಬರುವ ತರಕಾರಿಯನ್ನು ಎಷ್ಟರಮಟ್ಟಿಗೆ ನೆಚ್ಚಿಕೊಂಡಿದ್ದೇವೆ ಎಂಬುದು ಸಂತೆಯ ಖಾಲಿ ಬುಟ್ಟಿಗಳನ್ನು ನೋಡಿದವರಿಗೆ ಗೊತ್ತಾಗಿತ್ತು. ಒಂದೂವರೆ ಎಕರೆ ಅಡಿಕೆ ತೋಟ, ಅದರ ಬದಿಯಲ್ಲಿ ಒಂದು ಸಣ್ಣ ಗದ್ದೆ, ಮನೆಯ ಹಿಂದೆ ಹತ್ತು ಸೆಂಟ್ಸ್ ಹಿತ್ತಲು ಇರುವ ನಮ್ಮ ಮನೆಯಲ್ಲಿ ಈರುಳ್ಳಿ, ಬಟಾಟೆ, ಟೊಮೆಟೊ ಬಿಟ್ಟರೆ ಬೇರೆ ತರಕಾರಿಯನ್ನು ಹಣ ಕೊಟ್ಟು ತರುವುದು ಅಪರೂಪ. ಇದು ಹೇಗೆ ನಡೆಯುತ್ತದೆ, ಯಾವುದು ತಪ್ಪಿದರೆ ನಿಂತುಹೋಗುತ್ತದೆ ಎಂಬುದನ್ನು, ಮೇ ಕೊನೆಯ ಹೊತ್ತಿಗೆ ನಾವು ಬೀಜ ಊರುವ ಗಡುವಾದ ಪತ್ತನಾಜೆ ಈ ಬಾರಿ ಬರುವುದಕ್ಕೆ ಮೊದಲೇ ಓದುಗರ ಹಾಗೂ ಅಧಿಕಾರಿಗಳ ಗಮನಕ್ಕೆ ತರಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ ಸೊಪ್ಪೂ ಸೇರಿದಂತೆ 400 ಗ್ರಾಂ ತರಕಾರಿ ಬೇಕೆಂದು ಹೇಳಿದೆ. ಐದು ಜನರ ಮನೆಗೆ ಅದು ದಿನಕ್ಕೆ ಎರಡು ಕಿಲೊ, ತಿಂಗಳಿಗೆ 60 ಕಿಲೊ ಆಗುತ್ತದೆ. ಅಂಗಡಿಯಿಂದ ತರುವುದಾದರೆ ಕೂಲಿಯ ಮನೆಗಿರಲಿ, ಸಣ್ಣ ಕೃಷಿಕರ ಮನೆಗೂ ಇದು ಹಗುರವಾದ ಖರ್ಚಲ್ಲ.

ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಮುಗಿದುಹೋಗುವ ನಾಡಿನಲ್ಲಿ ಬಯಲುಸೀಮೆಯ ಕ್ರಮದ ತರಕಾರಿ ಕೃಷಿ ನಡೆಯುವುದಿಲ್ಲ. ಆದ್ದರಿಂದಲೇ ಹಿರಿಯರು ತುಳು ತಿಂಗಳು ಬೇಶದ ಹತ್ತನೆಯ ದಿನವಾದ, ಅಂದರೆ ಮೇ 24 ಅಥವಾ 25ರ ಸುಮಾರಿಗೆ ಬರುವ ಪತ್ತನಾಜೆಯನ್ನು ಬೀಜ ಊರುವ ಗಡುವಾಗಿ ಇಟ್ಟುಕೊಂಡಿದ್ದರು. ಮುಂಗಾರಿಗೆ ಮೊದಲಿನ ನಾಲ್ಕು ಮಳೆಗೆ ಮೊಳೆತು, ಜಡಿಮಳೆ ಶುರುವಾಗುವ ಹೊತ್ತಿಗೆ ಬಳ್ಳಿ ಚಪ್ಪರಕ್ಕೆ ಕೈಚಾಚುವಷ್ಟು ಬೆಳೆದಿದ್ದರೆ ಮಾತ್ರ ಬೆಂಡೆ, ಹೀರೆ, ಮುಳ್ಳುಸೌತೆ, ಹಾಗಲ, ಪಡವಲ, ಅಲಸಂಡೆ ನಮ್ಮಲ್ಲಿ ಉಳಿಯುತ್ತವೆ. ಹದಿನೈದು ದಿನ ತಡವಾದರೆ ಬೀಜ ಮಣ್ಣಿನಲ್ಲೇ ಕೊಳೆಯುತ್ತದೆ. ನಾವು ಸುಡುಮಣ್ಣು, ಹಟ್ಟಿಗೊಬ್ಬರ ಹಾಕಿ ಏರಿಸಿದ ಮಡಿಯಲ್ಲಿ, ನೀರು ನಿಲ್ಲದಂತೆ ಎರಡೂ ಕಡೆ ಕಣಿ ತೆಗೆದು ಬೀಜ ಹಾಕುತ್ತೇವೆ.

ಆ ಬಳ್ಳಿಗಳು ಕೈಗೆ ಬರುವುದು ಜುಲೈ ನಡುವಿನಲ್ಲಿ. ಅಲ್ಲಿಯವರೆಗಿನ ದಿನಗಳನ್ನು ದಾಟಿಸುವುದು ಸುಗ್ಗಿ ಕಾಲದಲ್ಲಿ ಗದ್ದೆಯಲ್ಲಿ ಬೆಳೆದ ಸೌತೆ. ಏಣಿಲು, ಅಂದರೆ ಮಳೆಗಾಲದ ಭತ್ತದ ಬೆಳೆಯ ಕೊಯ್ಲು ಮುಗಿದ ಮೇಲೆ, ಮಣ್ಣಿನ ತೇವ ಆರುವುದಕ್ಕೆ ಮೊದಲು, ಗದ್ದೆಯಲ್ಲಿ ಸಾಂಬಾರು ಸೌತೆ, ಕುಂಬಳ, ಅಲಸಂಡೆ, ಹರಿವೆ ಹಾಕುತ್ತೇವೆ. ಬೆಳೆದು ಹಣ್ಣುಬಣ್ಣಕ್ಕೆ ತಿರುಗಿದ ಸೌತೆಕಾಯಿಗಳನ್ನು ನೆಲಕ್ಕೆ ತಗುಲಿಸದೆ, ಒಂದಕ್ಕೊಂದು ತಾಗದಂತೆ ಬಾಳೆನಾರಿನಲ್ಲಿ ಸುತ್ತುಕಟ್ಟಿ ಅಡುಗೆಮನೆಯ ಜಂತಿಗೆ ನೇತುಹಾಕುವ ಕೆಲಸ ಇವತ್ತಿಗೂ ಅತ್ತೆಯವರದೇ. ಕಳೆದ ವರ್ಷ ಅವರು ಕಟ್ಟಿದ್ದ 46 ಕಾಯಿಗಳಲ್ಲಿ ಕೊನೆಯದನ್ನು ನಾವು ಹುಳಿ ಮಾಡಿದ್ದು ಜುಲೈ-ಆಗಸ್ಟ್‌ನಲ್ಲಿ ಬರುವ ಆಟಿ ಅಮಾವಾಸ್ಯೆ ಕಳೆದ ಮೇಲೆ. ಭರಣಿಯಲ್ಲಿ ಉಪ್ಪು ಹಾಕಿಟ್ಟ ಹಲಸಿನ ಸೊಳೆ, ತೋಟದ ಬದಿಯ ಕೆಸುವಿನೆಲೆ, ದಾರಿಬದಿಯಲ್ಲಿ ತಾನಾಗಿ ಹುಟ್ಟುವ ಚಗಟೆ ಸೊಪ್ಪು ಇವೂ ಆ ದಿನಗಳದ್ದೇ.

ಬೇಸಿಗೆಯಲ್ಲಿ ನೀರಿನ ಕೊರತೆಯೇ ಮುಖ್ಯ ತೊಡಕು. ಬಚ್ಚಲು ಮತ್ತು ಅಡುಗೆಮನೆಯ ನೀರು ಹರಿಯುವಲ್ಲೇ ಬಸಳೆ ಚಪ್ಪರ ಇದೆ. ತೊಂಡೆಯ ಬಳ್ಳಿ, ನುಗ್ಗೆ, ಎಳೆ ಹಲಸು, ಅಟ್ಟದಲ್ಲಿಟ್ಟ ಸುವರ್ಣಗಡ್ಡೆ ಇವುಗಳಿಂದ ಮೇ ತಿಂಗಳವರೆಗೆ ಸಾಗುತ್ತದೆ.

ಇಷ್ಟೆಲ್ಲ ಹೇಳಿದ್ದು ಬೀಜದ ಮಾತಿಗೆ ಬರುವುದಕ್ಕಾಗಿ. ಬಸಳೆ, ತೊಂಡೆ, ಕೆಸು, ಸುವರ್ಣಗಡ್ಡೆಗೆ ದಂಟು ಅಥವಾ ಗಡ್ಡೆ ಸಾಕು. ಪ್ರತಿವರ್ಷ ಬಿತ್ತುವ ಉಳಿದ ಎಲ್ಲದಕ್ಕೂ, ಪತ್ತನಾಜೆಯ ದಿನ ಕೈಯಲ್ಲಿ ಬೀಜ ಇರಬೇಕಾದರೆ ಅದು ಹಿಂದಿನ ವರ್ಷದ ಬಳ್ಳಿಯಿಂದಲೇ ಮನೆಯಲ್ಲಿ ಉಳಿದಿರಬೇಕು. ನಮ್ಮಲ್ಲಿ ಒಳ್ಳೆಯ ಬಳ್ಳಿಯ ಎರಡನೆಯದೋ ಮೂರನೆಯದೋ ಕಾಯಿಗೆ ಹಳೆಯ ಸೀರೆಯಂಚಿನ ಕೆಂಪು ಚೂರನ್ನು ಕಟ್ಟುತ್ತೇವೆ. ಆ ಗುರುತು ಇರುವ ಕಾಯಿಯನ್ನು, ಮನೆಗೆ ನೆಂಟರು ಬಂದು ಪದಾರ್ಥಕ್ಕೆ ಏನೂ ಇಲ್ಲದಿದ್ದರೂ, ಯಾರೂ ಮುಟ್ಟುವುದಿಲ್ಲ. ಹೀರೆಕಾಯಿ ಬಳ್ಳಿಯಲ್ಲೇ ಒಣಗಿ, ಅಲುಗಿಸಿದಾಗ ಒಳಗಿನ ಬೀಜ ಗಲಗಲ ಎನ್ನುವಂತಾದ ಮೇಲೆ ಅದನ್ನು ಇಡಿಯಾಗಿಯೇ ಒಲೆಯ ಮೇಲಿನ ಅಟ್ಟದಲ್ಲಿ ತೂಗುಹಾಕುತ್ತೇವೆ. ಸೌತೆ ಬೀಜವನ್ನು ತೊಳೆದು ಬೂದಿಯಲ್ಲಿ ಹೊರಳಿಸಿ ಒಣಗಿಸುತ್ತೇವೆ. ಅತ್ತೆಯವರ ತವರಿನಲ್ಲಿ ಸಗಣಿಯೊಂದಿಗೆ ಕಲಸಿ ಗೋಡೆಗೆ ಬಡಿಯುತ್ತಿದ್ದರಂತೆ. ಇದರಲ್ಲಿ ಯಾವುದಕ್ಕೂ ಹಣ ಬೇಡ, ಆದರೆ ಒಂದು ವರ್ಷ ಮರೆತರೆ ಆ ತಳಿ ಮನೆಯಿಂದ ಹೋದಂತೆಯೇ ಸರಿ. ನಮ್ಮಲ್ಲಿದ್ದ ಬಿಳಿ ಮುಳ್ಳುಸೌತೆ ಹೋದದ್ದು ಹಾಗೆಯೇ, ಮತ್ತು ಅದು ಹೋದದ್ದು ನನ್ನ ಅಜಾಗ್ರತೆಯಿಂದ ಎಂಬ ನೋವು ನನಗೆ ಈಗಲೂ ಇದೆ.

ಮೂರು ವರ್ಷದ ಹಿಂದೆ ನಮ್ಮ ಕಡೆ ನಡೆದ ಒಂದು ಸಭೆಯಲ್ಲಿ ಮಹಿಳೆಯರಿಗೆಲ್ಲ ಕೈತೋಟಕ್ಕೆಂದು ಬೀಜದ ಪೊಟ್ಟಣ ಹಂಚಿದರು. ಹಂಚಿದವರ ಉದ್ದೇಶ ಒಳ್ಳೆಯದೇ, ಅದರ ಬಗ್ಗೆ ನನಗೆ ಕೃತಜ್ಞತೆಯಿದೆ. ಆದರೆ ಸಭೆ ನಡೆದದ್ದು ಜೂನ್ ಕೊನೆಯಲ್ಲಿ. ಪೊಟ್ಟಣದಲ್ಲಿದ್ದ ಬೀಜದ ಮುಕ್ಕಾಲು ಪಾಲು ಮೊಳೆಯಲೇ ಇಲ್ಲ. ಮೊಳೆತ ಬೆಂಡೆ ಚೆನ್ನಾಗಿಯೇ ಕಾಯಿ ಬಿಟ್ಟಿತು, ಅದನ್ನು ಮುಚ್ಚಿಡುವುದಿಲ್ಲ. ರೂಢಿಯಂತೆ ಅದರ ಎರಡು ಕಾಯಿ ಬೀಜಕ್ಕೆ ಬಿಟ್ಟು ಮರುವರ್ಷ ಹಾಕಿದಾಗ ಒಂದು ಗಿಡ ಕುಳ್ಳು, ಇನ್ನೊಂದು ಎತ್ತರ, ಒಂದರ ಕಾಯಿ ಮೊಂಡು, ಇನ್ನೊಂದರಲ್ಲಿ ನಾರು. ಅರ್ಧಕ್ಕರ್ಧ ಗಿಡಗಳ ಎಲೆ ಹಳದಿಗಟ್ಟಿ ಮುರುಟಿತು. ಅದು ಎಫ್-1, ಅಂದರೆ ಎರಡು ಬೇರೆ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆಯ ಸಂಕರ ತಳಿ, ಅದರ ಬೀಜ ಉಳಿಸಿದರೆ ತಾಯಿಗಿಡದ ಗುಣ ಮುಂದಿನ ಪೀಳಿಗೆಯಲ್ಲಿ ಚದುರಿಹೋಗುತ್ತದೆ ಎಂದು ತಿಳಿದದ್ದು ಆಮೇಲೆ. ಪೊಟ್ಟಣದ ಮೇಲೆ ಅದನ್ನು ಇಂಗ್ಲಿಷಿನಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಮುದ್ರಿಸಿದ್ದರು.

ಸಂಕರ ತಳಿ ಬೇಡವೆಂದು ನಾನು ಹೇಳುತ್ತಿಲ್ಲ. ಮಾರುಕಟ್ಟೆಗೆ ಬೆಳೆಯುವವರಿಗೆ ಅದರ ಇಳುವರಿಯಿಂದ ಪ್ರಯೋಜನವಿರಬಹುದು. ಮನೆಖರ್ಚಿಗೆ ಮಾತ್ರ ಬೆಳೆಯುವವರಿಗೆ ಪ್ರತಿವರ್ಷ ಪೊಟ್ಟಣಕ್ಕೆ ಕಾಯುವ ಸ್ಥಿತಿ ಬಂದರೆ, ಪೊಟ್ಟಣ ಬಾರದ ವರ್ಷ ಮಡಿ ಖಾಲಿ ಬಿದ್ದಿರುತ್ತದೆ. ನಮ್ಮ ನೆರೆಕರೆಯಲ್ಲಿ ಹೀಗೆ ಖಾಲಿ ಬಿದ್ದ ಹಿತ್ತಲುಗಳನ್ನು ನಾನು ದಿನವೂ ನೋಡುತ್ತಿದ್ದೇನೆ. ಬೀಜ ಉಳಿಸಬಹುದಾದ ಸುಧಾರಿತ ತಳಿಗಳು ಇಲ್ಲವೆಂದೂ ಅಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆಯನ್ನು ಹಳದಿ ರೋಗ ತಡೆದುಕೊಳ್ಳಲೆಂದೇ ಬೆಳೆಸಿದ್ದು, ಅದರ ಬೀಜ ಮನೆಯಲ್ಲೇ ಇಟ್ಟುಕೊಳ್ಳಬಹುದು. ಜೇನ್ನೊಣಗಳು ಪರಾಗ ಬೆರೆಸುವುದರಿಂದ ಪಕ್ಕದಲ್ಲಿ ಬೇರೆ ಬೆಂಡೆ ಇರಬಾರದು, ಅಷ್ಟೆ. ಉಡುಪಿ ಬಳಿಯ ಮಟ್ಟು ಗ್ರಾಮದ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ, ಮತ್ತು ಅಂಥ ಬದನೆ ಇವತ್ತಿಗೂ ಉಳಿದಿರುವುದು ಅಲ್ಲಿನ ಕೃಷಿಕರು ಬೀಜ ಬಿಡದೆ ಕಾಪಾಡಿಕೊಂಡು ಬಂದದ್ದರಿಂದ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆಯೂ ಬೀಜ ಉಳಿಸುವ, ಮರಳಿ ಬಿತ್ತುವ, ಬದಲಾಯಿಸಿಕೊಳ್ಳುವ ಹಕ್ಕನ್ನು ರೈತರಿಗೆ ಕೊಟ್ಟಿದೆ.

ಆದ್ದರಿಂದ ತೋಟಗಾರಿಕೆ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು. ಕರಾವಳಿಯಲ್ಲಿ ಕೈತೋಟದ ಬೀಜ ಹಂಚುವುದಿದ್ದರೆ ಮೇ 15ರೊಳಗೆ ಹಂಚಲಿ, ಬೀಜ ಉಳಿಸಬಹುದಾದ ತಳಿಯನ್ನೇ ಹಂಚಲಿ, ಸಂಕರ ತಳಿಯಾದರೆ ಅದನ್ನು ಪೊಟ್ಟಣದ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆಯಲಿ. ಗ್ರಾಮ ಪಂಚಾಯತ್‌ಗಳು ಪತ್ತನಾಜೆಯ ಹಿಂದಿನ ವಾರ ಒಂದು ಅರ್ಧ ದಿನ, ತಮ್ಮ ಸಭಾಂಗಣದಲ್ಲಿ, ಮನೆಮನೆಯ ಬೀಜ ಬದಲಾಯಿಸಿಕೊಳ್ಳಲು ಜಾಗ ಮಾಡಿಕೊಡಲಿ. ಊರ ತರಕಾರಿ ಬೆಳೆಯುವ ಮುದುಕಿಯರು ಪ್ರತಿ ಊರಿನಲ್ಲಿ ಇಬ್ಬರು ಮೂವರಾದರೂ ಈಗಲೂ ಇದ್ದಾರೆ, ಅವರ ಅಟ್ಟದಲ್ಲಿರುವ ಬೀಜ ಅವರೊಂದಿಗೇ ಹೋಗುವುದಕ್ಕೆ ಮೊದಲು ಇದು ನಡೆಯಬೇಕು. ತಾವು ತಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ಕರಾವಳಿಗೆ ಬೇರೆಯಾಗಿ ಯಾವ ತಿಂಗಳು ಏನನ್ನು ಬಿತ್ತಬೇಕೆಂದು ನಾಲ್ಕು ಸಾಲು ಪ್ರಕಟಿಸಿದರೂ ಹೊಸದಾಗಿ ಶುರುಮಾಡುವವರಿಗೆ ಬಹಳ ಸಹಾಯವಾಗುತ್ತದೆ.

ಮಂಗನ ಕಾಟ, ಹಂದಿಯ ಕಾಟ ಇರುವಾಗ ಇದೆಲ್ಲ ಆಗುತ್ತದೆಯೇ ಎಂದು ಕೇಳುವವರ ಮಾತು ಸುಳ್ಳಲ್ಲ. ನಮ್ಮಲ್ಲಿಯೂ ಮಂಗಗಳು ಮುಳ್ಳುಸೌತೆಯನ್ನು ಎಳೆಯದಾಗಿರುವಾಗಲೇ ಕಿತ್ತುಹಾಕುತ್ತವೆ. ಹಾಗಲ, ಕೆಸು, ಸುವರ್ಣಗಡ್ಡೆಯನ್ನು ಈವರೆಗೆ ಮುಟ್ಟಿಲ್ಲವಾದ್ದರಿಂದ ತೋಟದ ಅಂಚಿನಲ್ಲಿ ಇವನ್ನು ಹಾಕಿ, ಉಳಿದವನ್ನು ಮನೆಯ ಗೋಡೆಗೆ ಹತ್ತಿರ ತಂದಿದ್ದೇವೆ. ಪೂರ್ತಿ ಪರಿಹಾರ ಅದಲ್ಲ. ಅದಕ್ಕೆ ಅರಣ್ಯ ಇಲಾಖೆಯೂ ಮನಸ್ಸು ಮಾಡಬೇಕು.

ಈ ವರ್ಷ ನಮ್ಮ ಅಟ್ಟದಲ್ಲಿ ಊರ ಬೆಂಡೆ, ಹೀರೆ, ಪಡವಲ, ಹಾಗಲ ಮತ್ತು ಕೆಂಪು ಹರಿವೆಯ ಬೀಜ ಮನೆಗೆ ಬೇಕಾದುದಕ್ಕಿಂತ ಹೆಚ್ಚಿದೆ. ನಮ್ಮ ಪಂಚಾಯತ್‌ನವರು ಬೀಜ ಬದಲಾವಣೆಗೆ ದಿನ ಗೊತ್ತುಮಾಡಿದರೆ ಅದನ್ನು ತರಲು ಸಿದ್ಧಳಿದ್ದೇನೆ. ಯಾರಲ್ಲಾದರೂ ಬಿಳಿ ಮುಳ್ಳುಸೌತೆಯ ಬೀಜ ಉಳಿದಿದ್ದರೆ ಹತ್ತು ಕಾಳಾದರೂ ಅಂದು ತರಬೇಕೆಂದು ಕೇಳಿಕೊಳ್ಳುತ್ತೇನೆ.

ಇತಿ,
ಒಬ್ಬ ಕೃಷಿಕ ಮಹಿಳೆ
ಪುತ್ತೂರು ತಾಲೂಕು, ದಕ್ಷಿಣ ಕನ್ನಡ