ಈ ಬೇಸಿಗೆ ಕಾಡು ಕಾದವರಿಗೆ

ದಿಂಬಂ ಮೇಲಿನ ಕಾಡಿಗೆಲ್ಲ ಮಳೆ ಬಿದ್ದಿದೆ. ಹಾಸನೂರು, ತಾಳವಾಡಿ, ಜೀರಹಳ್ಳಿ, ಕೇರ್ಮಾಳಂ, ತಲಮಲೈ, ಎಲ್ಲ ಕಡೆ ನೆಲ ಒದ್ದೆಯಾಗಿ ಹುಲ್ಲು ಚಿಗುರಿದೆ. ಈ ವರ್ಷದ ಬೆಂಕಿ ಕಾಲ ಮುಗಿಯಿತು ಅಂತ ಈಗ ಧೈರ್ಯವಾಗಿ ಹೇಳಬಹುದು. ಬೆಂಕಿ ಬೀಳಲೇ ಇಲ್ಲ ಅಂತಲ್ಲ, ಬಿತ್ತು. ಆದರೆ ಯಾವುದೂ ಕೈಮೀರಿ ಹೋಗಲಿಲ್ಲ. ಯಾರಿಗೂ ಏನೂ ಆಗಲಿಲ್ಲ.

ತಮಿಳುನಾಡಿನ ಸತ್ಯಮಂಗಲ ಹುಲಿ ಮೀಸಲು ಕಾಡಿನ ಈ ಭಾಗದಲ್ಲಿ ಬೆಂಕಿ ತಡೆ ಕೆಲಸದ ಉಸ್ತುವಾರಿ ಇಷ್ಟು ವರ್ಷ ನನ್ನ ಕೈಲಿತ್ತು. ಈಗ ವರ್ಗವಾಗಿದೆ. ಹೊರಡುವ ಮುಂಚೆ ಕೆಲವರಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಬೇಕು. ಆಫೀಸಿಗೆ ಕೊಡಬೇಕಾದ ವರದಿ ಕೊಟ್ಟಾಯಿತು, ಅದರಲ್ಲಿ ಎಷ್ಟು ಕಿಲೋಮೀಟರ್ ಫೈರ್ ಲೈನ್ (ಬೆಂಕಿ ದಾಟದ ಹಾಗೆ ಹುಲ್ಲು, ತರಗು ತೆಗೆದು ಖಾಲಿ ಮಾಡಿದ ಪಟ್ಟಿ), ಬೆಂಕಿ ಕಾಯುವ ವಾಚರ್ ಎಷ್ಟು ಜನ, ಎಷ್ಟು ಖರ್ಚು ಎಲ್ಲ ಇದೆ. ಈ ಜನ ಏನು ಮಾಡಿದರು ಅನ್ನುವುದಕ್ಕೆ ಅದರಲ್ಲಿ ಕಾಲಂ ಇಲ್ಲ. ಇವರಲ್ಲಿ ಜಾಸ್ತಿ ಜನ ಮನೆಯಲ್ಲಿ ಕನ್ನಡ ಆಡುವವರು, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಡಿಸೆಂಬರ್, ಜನವರಿಯಲ್ಲಿ ಫೈರ್ ಲೈನ್ ಮಾಡಿದವರಿಗೆ. ಬೆಂಕಿ ಕೆಲಸ ಅಂದರೆ ಮಾರ್ಚಿನಲ್ಲಿ ಹೊಗೆ ಎದ್ದ ಮೇಲೆ ಓಡುವುದು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಅಷ್ಟೊತ್ತಿಗೆ ನಮ್ಮ ಮುಕ್ಕಾಲು ಕೆಲಸ ಮುಗಿದಿರಬೇಕು. ಮಳೆ ಚೆನ್ನಾಗಿ ಆದ ವರ್ಷವೇ ನಮಗೆ ಭಯ ಜಾಸ್ತಿ. ಹುಲ್ಲು ಆಳೆತ್ತರ ಬೆಳೆದಿರುತ್ತದೆ, ಹಿಂಗಾರು ನಿಂತ ಮೇಲೆ ಅದೆಲ್ಲ ಒಣಗುತ್ತಾ ಬಂದು ಫೆಬ್ರವರಿಗೆ ಕಡ್ಡಿ ಗೀರಿದರೆ ಸಾಕು ಅನ್ನುವಂತಾಗುತ್ತದೆ. ಅದರ ಮಧ್ಯೆ ಲಂಟಾನ ಅನ್ನುವ ಕಳೆ ಪೊದೆ. ಅದು ಮರದ ಕೊಂಬೆಯವರೆಗೂ ಹಬ್ಬಿದ ಕಡೆ ನೆಲದ ಬೆಂಕಿ ಅದನ್ನೇ ಹಿಡಿದು ಮೇಲೆ ಹತ್ತುತ್ತದೆ.

ಹಾಗಾಗಿ ಪೂರ್ತಿ ಒಣಗುವ ಮುಂಚೆಯೇ ಲೈನಿನ ಎರಡೂ ಅಂಚಿನಲ್ಲಿ ಹುಲ್ಲು ಕೊಯ್ದು, ಕೊಯ್ದಿದ್ದನ್ನು ನಡುವೆ ಹಾಕಿ, ಗಾಳಿ ಇಲ್ಲದ ಹೊತ್ತು ನೋಡಿ ಸುಡಬೇಕು. ಅಲ್ಲಿಗೆ ಮುಗಿಯಲ್ಲ. ದಿಂಡಿಗ, ಮತ್ತಿ ಎಲ್ಲ ಎಲೆ ಉದುರಿಸುವುದು ಅದೇ ಕಾಲದಲ್ಲಿ. ಇವತ್ತು ಗುಡಿಸಿದ ಲೈನ್ ಸ್ವಲ್ಪ ದಿನದಲ್ಲೇ ಮತ್ತೆ ತರಗಿನಿಂದ ಮುಚ್ಚಿಹೋಗಿರುತ್ತದೆ, ಮತ್ತೆ ಗುಡಿಸಬೇಕು. ಪೊದೆ ಪಕ್ಕದಲ್ಲೇ ಆನೆ ನಿಂತಿದ್ದರೂ ಕಾಣುವುದಿಲ್ಲ, ಅದಕ್ಕೇ ಗುಂಪಿನಲ್ಲಿ ಒಬ್ಬರು ಕತ್ತಿ ಹಿಡಿಯದೆ ಸದ್ದು ಕೇಳುತ್ತಾ ನಿಂತಿರುತ್ತಾರೆ. ಸುಮ್ನೆ ನಿಂತಿರುವ ಕೆಲಸ ಅಲ್ಲ ಅದು. ಇಡೀ ಗುಂಪಿನ ಜೀವ ಅವರ ಕಿವಿಯ ಮೇಲಿರುತ್ತದೆ.

ಲೈನ್ ಸುಡುವ ದಿನ ಯಾವುದು ಅಂತ ಹೇಳಿದ್ದು ಈ ಕಾಡಿನ ಬುಡಕಟ್ಟಿನವರಾದ ನಮ್ಮ ಹಿರಿಯ ಸೋಲಿಗರು. ಅವರಿಗೆ ನನ್ನ ಋಣ ದೊಡ್ಡದು. ಅವರ ಅಪ್ಪ, ತಾತಂದಿರ ಕಾಲದಲ್ಲಿ ಚಳಿ ಇರುವಾಗಲೇ ಕಾಡಿನ ತರಗಿಗೆ ಸಣ್ಣಗೆ ಬೆಂಕಿ ಹಾಕುತ್ತಿದ್ದರು. ತರಗು ಬೆಂಕಿ ಅಂತಲೇ ಅದಕ್ಕೆ ಹೆಸರು. ಮೊಣಕಾಲೆತ್ತರಕ್ಕೂ ಏಳದೆ ನೆಲ ಸವರಿಕೊಂಡು ಹೋಗುವ ಬೆಂಕಿ ಅದು. ಕಾನೂನು ಬಂದ ಮೇಲೆ ನಿಂತುಹೋಯಿತು. ಅದು ನಿಂತಿದ್ದರಿಂದಲೇ ಲಂಟಾನ ಇಷ್ಟು ತುಂಬಿಕೊಂಡಿತು ಅಂತ ಅವರು ಹೇಳುತ್ತಾರೆ. ಅವರ ಮಾತನ್ನು ಅಧ್ಯಯನ ಮಾಡುವವರೂ ಈಗ ಗಂಭೀರವಾಗಿ ತೆಗೆದುಕೊಂಡಿದ್ದಾರೆ, ನಾನೂ ತೆಗೆದುಕೊಂಡಿದ್ದೇನೆ. ನನ್ನ ಕೈಲಿದ್ದದ್ದು ಲೈನ್ ಸುಡುವಷ್ಟು ಮಾತ್ರ. ಅದಕ್ಕಾದರೂ ಅವರ ಮಾತು ಕೇಳಿದೆವು.

ಒಬ್ಬರು ತಾತ ಬೆಳಿಗ್ಗೆ ಬಂದವರೇ ತರಗಿನೊಳಗೆ ಕೈ ಹಾಕುತ್ತಿದ್ದರು. ಮೇಲಿನ ಎಲೆ ಮುಟ್ಟುತ್ತಲೇ ಇರಲಿಲ್ಲ, ಅಡಿಯಿಂದ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಅಮುಕುತ್ತಿದ್ದರು. ಎಲೆ ಮುದುಡಿಕೊಂಡು ಹಾಗೇ ಉಳಿದರೆ ‘ಇನ್ನೂ ತಂಪೈತೆ, ಇವತ್ತು ಹಾಕಬೌದು’ ಅನ್ನುತ್ತಿದ್ದರು. ಪುಡಿಯಾಗಿ ಬೆರಳ ಸಂದಿಯಿಂದ ಉದುರಿದರೆ ‘ಬ್ಯಾಡ ಸಾರ್, ಬಿಟ್ಬುಡಿ’ ಅಂತ ಎದ್ದು ಬಿಡುತ್ತಿದ್ದರು. ಮೇಲಿನ ಅಧಿಕಾರಿಗಳ ಫೋನ್ ಬರುತ್ತಿದ್ದರೂ ಸರಿ, ಅವರು ಬೇಡ ಅಂದ ದಿನ ನಾವು ಹಚ್ಚಲಿಲ್ಲ. ಹಾಗಾಗಿ ನಾವು ಹಚ್ಚಿದ ಬೆಂಕಿ ಒಂದು ಸಲವೂ ಲೈನ್ ದಾಟಲಿಲ್ಲ. ತಾತ, ನಿಮ್ಮ ಮೊಮ್ಮಗ ಇದನ್ನು ಓದಿ ಹೇಳುತ್ತಾನೆ ಅಂತ ಗೊತ್ತು. ನಿಮಗೆ ಕೈ ಮುಗಿಯುತ್ತೇನೆ.

ಮುಂದಿನದು ಮಾರ್ಚಿನ ಒಂದು ರಾತ್ರಿಯ ತಂಡಕ್ಕೆ. ಕೇರ್ಮಾಳಂ ಕಡೆ, ಕೆಳಗಿನ ಹಳ್ಳದಿಂದ ಬೆಂಕಿ ಮೇಲಕ್ಕೆ ಬರುತ್ತಿತ್ತು. ಹುಡುಗರಿಗೆ ಆತುರ, ಇಳಿದು ಹೋಗಿ ಸೊಪ್ಪಿನಲ್ಲಿ ಬಡಿದು ಆರಿಸಿಬಿಡೋಣ ಅಂತ. ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಬಂದರೆ ಅದರ ವೇಗವೇ ಬೇರೆ, ಮುಂದಿನ ಹುಲ್ಲನ್ನು ಮುಟ್ಟುವ ಮುಂಚೆಯೇ ಕಾಯಿಸಿ ಒಣಗಿಸಿಕೊಂಡು ಬರುತ್ತದೆ. ತಂಡದ ಹಿರಿಯ ವಾಚರ್ ಮಾತ್ರ ಯಾರನ್ನೂ ಕೆಳಗೆ ಬಿಡಲಿಲ್ಲ. ಗುಡ್ಡದ ಏಣಿನ ಮೇಲಿದ್ದ ಲೈನಿನಲ್ಲೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮೊದಲು ಹಿಂದೆ ಓಡಬೇಕಾದ ದಾರಿ ತೋರಿಸಿ, ಆಮೇಲೆ ಗಾಳಿ ಸ್ವಲ್ಪ ಕುಗ್ಗುವವರೆಗೆ ಕಾದರು. ಹೊಗೆ ಕಣ್ಣಿಗೆ ಬರುತ್ತಿದ್ದರೂ ಕಾದರು. ಗಾಳಿ ತಗ್ಗಿದ ಕೂಡಲೇ ಲೈನಿನ ಕೆಳಅಂಚಿಗೆ ಎದುರು ಬೆಂಕಿ ಕೊಟ್ಟರು. ಅದು ನಿಧಾನಕ್ಕೆ ಕೆಳಗಿಳಿಯಿತು, ಕೆಳಗಿನದು ಮೇಲೆ ಬಂತು, ಎರಡೂ ಸೇರಿದ ಕಡೆ ಒಂದು ಸಲ ಭಗ್ ಅಂತ ಎದ್ದು ಕೂತಿತು. ಸುಡಲು ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ಒಂದು ಒಣ ಬಿದಿರು ಮೆಳೆ ಪಟಪಟ ಸಿಡಿದು ಕಿಡಿ ಲೈನಿನ ಈಚೆಗೂ ಹಾರಿತು. ಗಾಳಿ ಊದುವ ಬ್ಲೋವರ್ ಹಿಡಿದಿದ್ದ ಇಬ್ಬರು ಹುಡುಗರು ನಿಂತ ಜಾಗ ಬಿಡದೆ ಬಿದ್ದ ಕಿಡಿಯನ್ನೆಲ್ಲ ವಾಪಸ್ ಸುಟ್ಟ ಕಡೆಗೇ ತಳ್ಳಿದರು.

ಜ್ವಾಲೆ ಆರಿದ ಮೇಲೂ ಅವರು ಮನೆಗೆ ಹೋಗಲಿಲ್ಲ. ಒಣಗಿದ ಆನೆ ಲದ್ದಿ ಹೊರಗೆ ಬೂದಿಯಾಗಿ ಕಂಡರೂ ಒಳಗೆ ಗಂಟೆಗಟ್ಟಲೆ ಕೆಂಡ ಹಿಡಿದಿರುತ್ತದೆ. ಮರದ ಬೊಡ್ಡೆಯೂ ಅಷ್ಟೇ. ಮಧ್ಯಾಹ್ನ ಗಾಳಿ ಬಂದರೆ ಅಲ್ಲಿಂದಲೇ ಮತ್ತೆ ಶುರು. ಒಂದೊಂದು ಲದ್ದಿಯನ್ನೂ ಕಾಲಲ್ಲಿ ಬಿಡಿಸಿ, ಮಣ್ಣು ಹಾಕಿ, ಬೊಡ್ಡೆ ಕೆದಕಿ ಬೆಳಗಾಗುವವರೆಗೂ ಅಲ್ಲೇ ಇದ್ದರು. ಕ್ಯಾಮೆರಾ ಹಿಡಿದು ಯಾರೂ ಬರದ ಕೆಲಸ ಇದು. ಈ ವರ್ಷ ಆರಿದ ಬೆಂಕಿ ಮತ್ತೆ ಏಳಲಿಲ್ಲ ಅಂದರೆ ಕಾರಣ ಇದೇ.

ಕಾಯುವುದನ್ನು, ಓಡುವ ದಾರಿ ಮೊದಲು ನೋಡಿಕೊಳ್ಳುವುದನ್ನು ನಮಗೆ ತರಬೇತಿಯಲ್ಲಿ ಮತ್ತೆ ಮತ್ತೆ ಹೇಳಿಕೊಟ್ಟವರಿಗೂ ನಮಸ್ಕಾರ. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಒಣ ಹುಲ್ಲಿನ ಇಳಿಜಾರಿನಲ್ಲಿ ಬೆಂಕಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ಅವರಲ್ಲಿ ನಮ್ಮ ಈರೋಡ್ ಕಡೆಯವರೂ ಇದ್ದರು. ಅದಕ್ಕೂ ಒಂದು ವರ್ಷ ಮುಂಚೆ ಪಕ್ಕದ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಗಾರ್ಡ್ ಒಬ್ಬರು ಪ್ರಾಣ ಬಿಟ್ಟರು. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಹಾಕಿ ಬಂದವರನ್ನು ಬೆಂಕಿ ಹತ್ತಿರ ಬಿಡಬೇಡಿ, ಅದು ಕರಗಿ ಚರ್ಮಕ್ಕೆ ಅಂಟುತ್ತದೆ, ಹತ್ತಿ ಬಟ್ಟೆಯೇ ಬೇಕು; ದಾರಿ ಮುಚ್ಚಿದರೆ ಆಗಲೇ ಸುಟ್ಟು ಹೋದ ಜಾಗಕ್ಕೆ ಹೋಗಿ ನಿಲ್ಲಿ. ಇಂಥ ಮಾತೆಲ್ಲ ತಮಿಳಿನಲ್ಲಿ ಅಚ್ಚಾಗಿ ಬಂದಿತ್ತು. ಅದನ್ನು ಪೋಡಿನ (ಸೋಲಿಗರ ಹಾಡಿಯ) ಜನಕ್ಕೆ ತಿಳಿಯುವ ಹಾಗೆ ಕನ್ನಡದಲ್ಲಿ ಬರೆದುಕೊಟ್ಟವರು ತಾಳವಾಡಿ ಕಡೆಯ ಕನ್ನಡ ಶಾಲೆಯ ಒಬ್ಬ ಮೇಷ್ಟ್ರು. ಮಕ್ಕಳ ಕೈಲಿ ದೊಡ್ಡ ಅಕ್ಷರದಲ್ಲಿ ಬರೆಸಿ ಹಾಲಿನ ಡೈರಿ ಗೋಡೆಗೂ ಅಂಟಿಸಿದರು. ಯಾರೂ ಕೇಳಿರಲಿಲ್ಲ ಅವರನ್ನು.

ಫೋನ್ ಮಾಡಿದ ದನಗಾಹಿಗಳಿಗೆ ಏನು ಹೇಳಲಿ? ಕಾಡಿಗೆ ಬೆಂಕಿ ಬಿದ್ದರೆ ಮೊದಲು ಬೈಸಿಕೊಳ್ಳುವವರು ಇವರೇ. ಹೊಸ ಹುಲ್ಲು ಬರಲಿ ಅಂತ ಬೆಂಕಿ ಇಡುವವರು ಇದ್ದದ್ದು ನಿಜ. ಉದುರಿದ ಜಿಂಕೆ ಕೊಂಬು ಹುಡುಕಲು ಹುಲ್ಲು ಸುಡುವವರು, ಬೀಡಿ ಎಸೆದು ಹೋಗುವವರು ಕೂಡ ಇದ್ದಾರೆ, ಆದರೂ ಹೆಸರು ಬರುವುದು ದನ ಮೇಯಿಸುವವರಿಗೆ. ಈ ವರ್ಷ ಅವರ ಜೊತೆ ಕೂತು ಮಾತಾಡಿದೆವು, ಅವರೂ ಮಾತು ಕೊಟ್ಟರು, ಉಳಿಸಿಕೊಂಡರು. ಡೆಹ್ರಾಡೂನಿನ ಫಾರೆಸ್ಟ್ ಸರ್ವೆ ಆಫ್ ಇಂಡಿಯಾ 2004ರಿಂದ ಉಪಗ್ರಹ ನೋಡಿ ಕಾಡಿನ ಬೆಂಕಿಯ ಎಚ್ಚರಿಕೆ ಕೊಡುತ್ತಿದೆ, ನಮ್ಮ ಮೊಬೈಲಿಗೇ ಮೆಸೇಜ್ ಬರುತ್ತದೆ. ತುಂಬಾ ಉಪಯೋಗದ ವ್ಯವಸ್ಥೆ ಅದು. ಆದರೆ ಉಪಗ್ರಹ ನಮ್ಮ ಮೇಲೆ ಹಾದು ಹೋಗುವುದು ದಿನಕ್ಕೆ ಕೆಲವೇ ಸಲ. ಈಗಿನ ಒಳ್ಳೆಯ ಸೆನ್ಸರಿಗೂ ಒಂದು ಚುಕ್ಕಿ ಅಂದರೆ ನೆಲದ ಮೇಲೆ 375 ಮೀಟರ್. ಆ ಚುಕ್ಕಿ ಕಾಡಿನೊಳಗಿನದೋ, ಅಂಚಿನಲ್ಲಿ ಯಾರೋ ಕಬ್ಬಿನ ಸೋಗೆ ಸುಡುತ್ತಿದ್ದಾರೋ ಅಂತ ಹೋಗಿ ನೋಡಿಯೇ ತಿಳಿಯಬೇಕು. ದನಗಾಹಿಯ ಫೋನ್ ಬಂದರೆ ‘ಸಾರ್, ಆ ಹೊನ್ನೆ ಮರದ ಹಳ್ಳದ ಮೇಲುಗಡೆ, ಹೊಗೆ ಇನ್ನೂ ಬೆಳ್ಳಗಿದೆ’ ಅನ್ನುವಷ್ಟು ನಿಖರ. ಮೆಸೇಜ್ ಬರುವ ಹೊತ್ತಿಗೆ ನಮ್ಮವರು ಅಲ್ಲಿ ಇರುತ್ತಿದ್ದರು. ಸಿಗ್ನಲ್ ಸಿಗಲಿ ಅಂತ ಬಂಡೆ ಹತ್ತಿ ಫೋನ್ ಮಾಡಿದವರು ನೀವು. ನಿಮ್ಮ ಉಪಕಾರ ಮರೆಯಲ್ಲ.

ಗಡಿ ಆಚೆಯ ಬಿಳಿಗಿರಿರಂಗನ ಬೆಟ್ಟದ ಸಿಬ್ಬಂದಿಗೂ ಥ್ಯಾಂಕ್ಸ್. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದು ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿದದ್ದನ್ನು ಈ ಕಡೆಯವರು ಯಾರೂ ಮರೆತಿಲ್ಲ. ಆ ಕಾಡು ಈ ಕಾಡು ಒಂದೇ ಅಲ್ವಾ. ಗಡಿಯ ಲೈನನ್ನು ಎರಡು ಕಡೆಯವರೂ ಒಂದೇ ವಾರ ಮಾಡಿದ್ದು ಈ ವರ್ಷ ತುಂಬಾ ಸಹಾಯವಾಯಿತು. ಬಣ್ಣಾರಿ, ಕಾರಪಳ್ಳಂ ಚೆಕ್‌ಪೋಸ್ಟಿನಲ್ಲಿ ನಿಂತು ಒಂದೊಂದು ಗಾಡಿಗೂ ಬೀಡಿ, ಸಿಗರೇಟ್ ಎಸೆಯಬೇಡಿ ಅಂತ ಗಂಟಲು ಒಣಗಿಸಿಕೊಂಡವರಿಗೂ.

ಈ ಸಲ ವಾಚರ್‌ಗಳ ಕೂಲಿ ಬರುವುದು ತಡವಾಯಿತು. ಅದು ಸರಿಯಲ್ಲ, ಬೆಂಕಿ ಮುಂದೆ ನಿಲ್ಲುವವನ ಮನೆಯಲ್ಲಿ ಅಕ್ಕಿಗೆ ಯೋಚನೆ ಇರಬಾರದು. ಆ ದಿನಗಳಲ್ಲಿ ಲೆಕ್ಕ ಬರೆದುಕೊಂಡು ರೇಷನ್ ಕೊಟ್ಟ ಅಂಗಡಿಯಣ್ಣ, ಒಮ್ಮೆಯೂ ‘ಯಾವಾಗ ಕೊಡ್ತೀರಿ’ ಅಂತ ಕೇಳದೆ ಇದ್ದದ್ದಕ್ಕೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಚಿತ್ರಾನ್ನ ಕಟ್ಟಿಕೊಟ್ಟ ಸಂಘದ ಅಕ್ಕಂದಿರು, ಅದನ್ನು ನೀರಿನ ಕ್ಯಾನಿನ ಜೊತೆ ಜೀಪು ಹೋಗುವಷ್ಟು ದೂರ, ಆಮೇಲೆ ತಲೆ ಮೇಲೆ ಹೊತ್ತು ತಂದ ಡ್ರೈವರ್ ಅಣ್ಣ, ನಿಮ್ಮ ಅನ್ನ ಉಂಡು ಕೆಲಸ ಮಾಡಿದ್ದೇವೆ. ವಾಚರ್‌ಗಳ ಮನೆಯವರಿಗೂ ಒಂದು ಮಾತು. ರಾತ್ರಿ ಗಂಡನೋ ಮಗನೋ ಫೋನ್ ಎತ್ತದೆ ಇದ್ದಾಗ ನೀವು ಹೇಗೆ ಕಳೆದಿರಿ ಅಂತ ನನಗೆ ಗೊತ್ತು, ನಮ್ಮ ಮನೆಯಲ್ಲೂ ಅದೇ ಕಥೆ.

ಬಾಕಿ ಇದ್ದ ಕೂಲಿ ಪೂರ್ತಿ ಖಾತೆಗೆ ಬಂದಿದೆ. ಯಾರಿಗಾದರೂ ಬರದೆ ಇದ್ದರೆ ಈ ವಾರದೊಳಗೆ ನಿಮ್ಮ ಬೀಟ್ ಗಾರ್ಡಿಗೆ ತಿಳಿಸಿ, ನಾನು ಇರುವಾಗಲೇ ಸರಿ ಮಾಡಿಸಿ ಹೋಗುತ್ತೇನೆ. ಹೊಸಬರಿಗೆ ಲೈನಿನ ನಕ್ಷೆ, ಯಾವ ತಿರುವಿನಲ್ಲಿ ಯಾರಿಗೆ ಫೋನ್ ಮಾಡಬೇಕು ಅನ್ನುವ ಪಟ್ಟಿ, ಎಲ್ಲ ಕೊಟ್ಟಿದ್ದೇನೆ. ತಾತನ ಮನೆಗೂ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದ್ದೇನೆ. ಡಿಸೆಂಬರಿನಲ್ಲಿ ಲೈನ್ ಕೆಲಸ ಮತ್ತೆ ಶುರುವಾಗುತ್ತದೆ, ಬರುವವರು ಹೆಸರು ಮೊದಲೇ ಕೊಟ್ಟಿಡಿ.