ಕಲ್ಲು ಎತ್ತಿದವರು ಮನುಷ್ಯರೇ

ಸಂಪಾದಕರಿಗೆ ನಮಸ್ಕಾರ.

ಇಂಗ್ಲೆಂಡಿನ ಸ್ಟೋನ್‌ಹೆಂಜ್ ಎಂಬ ಕಲ್ಲಿನ ವೃತ್ತದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಬೇರೆ ಗ್ರಹದವರು ಬಂದು ಕಟ್ಟಿರಬಹುದು ಎಂಬ ಸಾಲು ನೋಡಿ ಬೇಸರವಾಯಿತು. ನಾನು ಕುಮಟಾ ಸುತ್ತಮುತ್ತ 38 ವರ್ಷ ಚಿರೆಕಲ್ಲಿನ ಗೋಡೆ ಕಟ್ಟಿದವನು. ಬೆವರು ಸುರಿಸಿದವರನ್ನು ಹೀಗೆ ಮರೆಸಬಾರದು.

ಗೋಕರ್ಣದ ಶಿವರಾತ್ರಿ ತೇರಿನ ಹಗ್ಗ ಹಿಡಿದವರಿಗೆ, ಮಳೆಗಾಲಕ್ಕೆ ಮುಂಚೆ ದೋಣಿ ದಡಕ್ಕೆ ಏರಿಸಿದವರಿಗೆ ಭಾರ ಹೇಗೆ ಸರಿಯುತ್ತದೆ ಎಂದು ಗೊತ್ತು. ಜನ ಬೇಕು, ಹಗ್ಗ ಬೇಕು, ಎಲ್ಲರೂ ಒಟ್ಟಿಗೆ ಎಳೆಯಲು ಒಂದು ಕೂಗು ಬೇಕು. ಸ್ಟೋನ್‌ಹೆಂಜ್ ಕಟ್ಟಿದವರ ಹತ್ತಿರ ಕಬ್ಬಿಣ ಇರಲಿಲ್ಲ. ಕಲ್ಲಿನಿಂದಲೇ ಕಲ್ಲು ಕುಟ್ಟಿ ಕಂಬದ ತಲೆಯಲ್ಲಿ ಗುಬುಟು ಬಿಟ್ಟಿದ್ದಾರೆ. ಅಡ್ಡಗಲ್ಲಿನ ತಳದಲ್ಲಿ ಕುಳಿ ತೋಡಿ ಅದರ ಮೇಲೆ ಕೂರಿಸಿದ್ದಾರೆ. ಇದು ಬಡಗಿ ಬಾಗಿಲ ಚೌಕಟ್ಟು ಕೂಡಿಸುವ ಕ್ರಮ. ಮನುಷ್ಯನ ಕೈಯೇ ಅಲ್ವಾ?

ನನಗೆ ಬಿಡಿಸಲಾಗದ ಒಗಟು ಬೇರೆ. ಅಲ್ಲಿನ 6 ಟನ್ ತೂಕದ ಒಂದು ಕಲ್ಲು ಸ್ಕಾಟ್ಲೆಂಡಿನದು, ಅಂದರೆ ಸುಮಾರು 750 ಕಿ.ಮೀ. ದೂರದ್ದು ಎಂದು 2024ರಲ್ಲಿ ಗೊತ್ತಾಯಿತು. ಹತ್ತಿರದಲ್ಲೇ ಒಳ್ಳೆಯ ಕಲ್ಲಿತ್ತು. ಅದೇ ಕಲ್ಲು ಯಾಕೆ ಬೇಕಾಯಿತು? ಯಾರ ನೆನಪಿಗೆ?

ಹೋದ ವರ್ಷ ಮಗಳ ಜೊತೆ ಗಂಗಾವತಿ ಹತ್ತಿರದ ಹಿರೇಬೆಣಕಲ್ ಬೆಟ್ಟ ಹತ್ತಿದೆ. ಅಲ್ಲಿ ಹಿಂದಿನ ಕಾಲದ ಸುಮಾರು 400 ಕಲ್ಲಿನ ಕಟ್ಟಣೆಗಳಿವೆ, ವೃತ್ತಗಳೂ ಇವೆ. ಮೊರೇರು ಎಂಬ ಕುಳ್ಳ ಜನ ಇದ್ದ ಮನೆಗಳು ಎನ್ನುವ ಕಥೆ ಅಲ್ಲಿದೆ, ಆದರೆ ಹೆಚ್ಚಿನವು ಸಮಾಧಿಗಳು. ಎಷ್ಟೋ ಕಲ್ಲಿನ ಹಲಗೆಗಳಲ್ಲಿ ದುಂಡನೆಯ ಕಂಡಿ. ನಮ್ಮ ಚಿರೆಕಲ್ಲು ಕೊಡಲಿಗೂ ಬಗ್ಗುತ್ತದೆ, ಆ ಕರಿಕಲ್ಲು ಬಗ್ಗುವುದಿಲ್ಲ. ಒಂದು ಏಟು ಜಾಸ್ತಿ ಬಿದ್ದರೆ ಹಲಗೆಯೇ ಸೀಳುತ್ತದೆ. ಕಂಡಿಯ ಅಂಚು ಸವರಿ ನೋಡಿದೆ, ಎಲ್ಲೂ ಸಿಗುರಿಲ್ಲ. ಎಷ್ಟು ದಿನ ಕೂತು ಕೆತ್ತಿದರೋ! ತೀರಿಕೊಂಡವರ ಜೀವ ಬಂದು ಹೋಗಲಿ ಎಂದು ಬಿಟ್ಟ ದಾರಿಯೇ ಅದು? ಬಹಳ ಹೊತ್ತು ಅಲ್ಲೇ ಕೂತಿದ್ದೆ.

ಪಕ್ಕದಲ್ಲೇ ನಿಧಿ ಆಸೆಗೆ ಅಗೆದ ಗುಂಡಿ. ಮುರಿದು ಬಿದ್ದ ಹಲಗೆ. ಮನೆಯ ಹಿರಿಯರ ಸಮಾಧಿಯನ್ನು ಯಾರಾದರೂ ಹೀಗೆ ಒಡೆಯುತ್ತಾರಾ? 2021ರಲ್ಲಿ ಈ ಜಾಗ ಯುನೆಸ್ಕೋದ ವಿಶ್ವ ಪರಂಪರೆಯ ತಾಣಗಳ ತಾತ್ಕಾಲಿಕ ಪಟ್ಟಿ ಸೇರಿದೆ. ಪಟ್ಟಿಯಲ್ಲಿನ ಹೆಸರು ಕಲ್ಲನ್ನು ಕಾಯುವುದಿಲ್ಲ. ಸಂಬಂಧಪಟ್ಟವರು ಹಗಲು ರಾತ್ರಿ ಕಾವಲು ಹಾಕಲಿ. ನೀವೂ ಒಂದು ಭಾನುವಾರ ಹಿರೇಬೆಣಕಲ್ಲಿನ ಚಿತ್ರಗಳನ್ನು ಒಂದು ಪುಟ ಪೂರ್ತಿ ಹಾಕಿ.

– ಒಬ್ಬ ಹಳೇ ಮೇಸ್ತ್ರಿ, ಕುಮಟಾ