ಕೈ ಇಡುವ ಮುಂಚೆ

ಶಿರಸಿ

ಕೂಸೇ,

ನಿನ್ನ ಕಾಗದ ಬಂತು. ಕಾರವಾರದ ಮಳೆ, ರೂಮಿನ ಬಾಡಿಗೆ, ಕಾಯಿಲೆಯವರಿಗೆ ನೀನು ಯೋಗ ಮಾಡಿಸುತ್ತಿರುವುದು, ಎಲ್ಲ ಓದಿದೆ. ಆದರೆ ಕೊನೆಗೊಂದು ಸಾಲು ಬರೆದಿದ್ದೀಯಲ್ಲ, "ನನ್ನ ಕೈಯಿಂದಲೇ ಅವರಿಗೆ ಹೆಚ್ಚುಕಮ್ಮಿ ಆದರೆ ಏನು ಮಾಡಲಿ ಮಾವ" ಎಂದು. ರಾತ್ರಿ ನಿದ್ದೆ ಬರಲಿಲ್ಲ.

ದೊಡ್ಡಮ್ಮನ ಬೆನ್ನಿನ ಕಥೆ ನಿನಗೆ ಗೊತ್ತೇ ಇದೆ. ಬಚ್ಚಲಲ್ಲಿ ಜಾರಿದಳು ಎಂದೇ ಮನೆಯಲ್ಲಿ ಎಲ್ಲರೂ ಹೇಳುವುದು. ಜಾರಿರಲಿಲ್ಲ. ಆಗ ನಾನು ಯೋಗ ಕಲಿತ ಹೊಸತು. ಸಿಕ್ಕಿದವರನ್ನೆಲ್ಲ ಚಾಪೆ ಮೇಲೆ ಕೂರಿಸುತ್ತಿದ್ದೆ. ಅಡಿಕೆ ಅಟ್ಟದ ಕೆಳಗೆ ಕಂಬಳಿ ಹಾಸಿ ಅವಳಿಗೆ ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗುವ ಪಶ್ಚಿಮೋತ್ತಾನಾಸನ ಮಾಡಿಸಿದೆ. ಕಾಲ ಬೆರಳಿಗೆ ಕೈ ಎಟುಕಲಿಲ್ಲ. "ಸಾಕೋ" ಎಂದಳು. ಇನ್ನು ನಾಲ್ಕೇ ಬೆರಳು ಎನ್ನುತ್ತಾ ಬೆನ್ನು ಒತ್ತಿದೆ. ವಯಸ್ಸಾದ ಹೆಂಗಸರ ಮೂಳೆ ಒಳಗೇ ಟೊಳ್ಳಾಗಿರಬಹುದು, ಹಾಗೆ ಮುಂದಕ್ಕೆ ಮಡಚಿದರೆ ಬೆನ್ನುಮೂಳೆಯ ಮಣಿ ಕುಸಿಯಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ. ಬಚ್ಚಲಿನ ಕಥೆ ಕಟ್ಟಿದವಳು ಅವಳೇ. ನನ್ನ ಮಾನ ಉಳಿಸಲಿಕ್ಕೆ.

ಅವತ್ತು ನನಗೆ ನಿನ್ನ ಈ ಹೆದರಿಕೆ ಒಂದು ಚೂರೂ ಇರಲಿಲ್ಲ.

ಈಗ ನಿನಗೆ ಏನು ಹೇಳಲಿ? ಕಲಿತವಳು ನೀನು. ಸಂಧಿವಾತದ ಆ ಹೆಂಗಸು ಬೆಳಿಗ್ಗೆ ಆರಕ್ಕೆ ಬರುವುದಿಲ್ಲ ಎಂದು ಬೇಜಾರಾಗಬೇಡ. ಆ ಕಾಯಿಲೆಯಲ್ಲಿ ಗಂಟುಗಳು ಬಿಗಿಯುವುದೇ ಬೆಳಗಿನ ಹೊತ್ತು. ಹತ್ತಕ್ಕೆ ಕರೆ. ಬಾವು ಬಂದು ಬಿಸಿಯಾದ ಗಂಟನ್ನು ಎಳೆಯಬೇಡ. ಮೀನು ಮಾರುವ ಹೆಂಗಸಿಗೆ ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಎಂದಿದ್ದೀಯ. ಅಂಗಾಲು ಒಮ್ಮೆ ನೋಡು, ಗಾಯವಾದರೂ ಅವಳಿಗೇ ಗೊತ್ತಾಗುವುದಿಲ್ಲ. ಗ್ಲಾಕೋಮಾ ಇದ್ದವರಿಗೆ ತಲೆ ಕೆಳಗೆ ಮಾಡಿಸಬೇಡ, ಕಣ್ಣಿನ ಒತ್ತಡ ಏರುತ್ತದೆ. ಇದೆಲ್ಲ ನಿನ್ನ ಪಾಠದಲ್ಲೇ ಬಂದಿರುತ್ತದೆ, ಅಲ್ವಾ? ಮುದುಕನ ಚಟ, ಬಿಡು.

ಕುರ್ಚಿ, ಬೆಲ್ಟು ಬಳಸಲಿಕ್ಕೆ ನಾಚಿಕೆ ಬೇಡ. ಇದೆಂಥ ಯೋಗ ಎಂದು ನಾವೆಲ್ಲ ಆಗ ನಗುತ್ತಿದ್ದೆವು. ಅವನ್ನು ಅಷ್ಟು ಬಳಕೆಗೆ ತಂದವರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವನ್ನೂ ಎಳೆತನದಲ್ಲೇ ಕಂಡ ಮೈ ಅದು. ನನ್ನದು ಗಟ್ಟಿ ಮೈ. ಬಗ್ಗದ ಬೆನ್ನು ಕಂಡರೆ ಹಟ ಅಂದುಕೊಳ್ಳುತ್ತಿದ್ದೆ.

ಮತ್ತೆ ಆ ಸಾಲಿಗೇ ಬರುತ್ತೇನೆ. ಕೈ ಇಡುವ ಮುಂಚೆ "ಮುಟ್ಟಲಾ?" ಎಂದು ಕೇಳು. ಬೇಡ ಎಂದರೆ ಸುಮ್ನೆ ಕೂತುಕೋ. ಲಕ್ವ ಹೊಡೆದ ಆ ಮೇಷ್ಟ್ರಿಗೆ ಮಾತು ಹೊರಡುವುದಿಲ್ಲವಲ್ಲ, ಅವರ ಎದುರಿಗೆ ಕೂತು ಮುಖ ನೋಡುತ್ತಿರು. ಅಕ್ಕನ ಮುಖ ನಾನು ನೋಡಲಿಲ್ಲ. ಬೆನ್ನ ಹಿಂದೆ ನಿಂತಿದ್ದೆ.

ಕುಮಟಾ ಮೇಲೆ ಬರುವ ಬಸ್ಸಿನಲ್ಲಿ ಹಲಸಿನ ಹಪ್ಪಳ ಕಳಿಸಿದ್ದೇನೆ. ಈ ಕಾಗದ ನಿನ್ನ ಅಮ್ಮನಿಗೆ ತೋರಿಸಬೇಡ. ಅಥವಾ ತೋರಿಸು. ಅವಳಿಗೂ ಅಕ್ಕ ತಾನೇ.

ನಿನ್ನ ಮಾವ